‘ನಿಮಗೋಸ್ಕರ ಪ್ರಾರ್ಥನೆ ಮಾಡ್ಲಾ?’ ಅಂತ ಗುರುತಿಲ್ಲದವರು ಕೇಳಿದಾಗ

ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲು, ಹೆಂಗಸರ ಬೋಗಿ. ಕಿಟಕಿ ಪಕ್ಕ ಕೂತು, ಕಾಲಿಗೆ ಆಧಾರವಾಗಿ ಕಟ್ಟಿಕೊಳ್ಳುವ ಕ್ಯಾಲಿಪರ್‌ನ ಮಂಡಿ ಲಾಕ್ ತೆಗೆದು, ಊರುಗೋಲನ್ನು ಸೀಟಿನ ಕೆಳಗೆ ತಳ್ಳಿ, ಇನ್ನೇನು ಕಣ್ಣು ಮುಚ್ಚಬೇಕು ಅನ್ನುವಷ್ಟರಲ್ಲಿ ಎದುರಿಗಿದ್ದ ಹೆಂಗಸು ಮುಂದಕ್ಕೆ ಬಾಗಿ ನನ್ನ ಮಂಡಿ ಮೇಲೆ ಕೈ ಇಟ್ಟರು. ಕೇಳಲಿಲ್ಲ, ಹೇಳಲಿಲ್ಲ. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸತೊಡಗಿದರು. ಬೋಗಿಯಲ್ಲಿದ್ದವರೆಲ್ಲ ಒಂದು ಸಲ ಅವರ ಮುಖ ನೋಡುತ್ತಾರೆ, ಒಂದು ಸಲ ನನ್ನ ಕಾಲು ನೋಡುತ್ತಾರೆ. ಹಿರೇಹಳ್ಳಿ ಬಂತು, ಹೋಯಿತು. ನಿಡವಂದ ಬಂತು. ನಾನು ಗೊಂಬೆ ಹಾಗೆ ಕೂತೇ ಇದ್ದೆ.

ಇಳಿದ ಮೇಲೆ ಸಿಟ್ಟು ಬಂತು. ಅದೂ ಅವರ ಮೇಲಲ್ಲ, ನನ್ನ ಮೇಲೆ. ಒಂದು ಮಾತು ಆಡಬಹುದಿತ್ತಲ್ಲ, ಬಾಯಿ ಎಲ್ಲಿ ಹೋಗಿತ್ತು?

ನನಗೆ ಪೋಲಿಯೊ ಬಂದಿದ್ದು ಎರಡು ವರ್ಷದ ಮಗುವಾಗಿದ್ದಾಗ. ದೇಶದ ಮಕ್ಕಳಿಗೆಲ್ಲ ಹನಿ ಹಾಕುವ ಪಲ್ಸ್ ಪೋಲಿಯೊ ಶುರುವಾಗಿದ್ದು 1995ರಲ್ಲಿ, ಅಷ್ಟು ಹೊತ್ತಿಗೆ ನಾನು ಹೈಸ್ಕೂಲು ದಾಟಿದ್ದೆ. ಅಂದರೆ ನಲವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಜನ ನನಗಾಗಿ ದೇವರ ಹತ್ತಿರ ಬೇಡುತ್ತಿದ್ದಾರೆ. ಯಡಿಯೂರಿನ ವಿಭೂತಿ ಹಚ್ಚಿದ್ದಾರೆ, ಗೊರವನಹಳ್ಳಿಗೆ ಹರಕೆ ಹೊತ್ತುಕೋ ಅಂದಿದ್ದಾರೆ. ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸು ಎಂದವರಿದ್ದಾರೆ, ವೇಲಾಂಕಣಿ ಎಣ್ಣೆ ಕೊಟ್ಟವರಿದ್ದಾರೆ, ದರ್ಗಾದಿಂದ ಊದಿಸಿ ತಂದ ನೀರು ಕುಡಿ ಎಂದವರೂ ಇದ್ದಾರೆ. ಈ ವಿಷಯದಲ್ಲಿ ನಮ್ಮ ರಾಜ್ಯದಲ್ಲಿ ಒಳ್ಳೇ ಸೌಹಾರ್ದ ಇದೆ, ಎಲ್ಲರಿಗೂ ನನ್ನ ಕಾಲೇ ಬೇಕು.

ಇಷ್ಟು ವರ್ಷದಲ್ಲಿ ನಾನು ತಪ್ಪಾಗಿ ಮಾಡಿದ್ದು, ಆಮೇಲೆ ಸರಿ ಮಾಡಿಕೊಂಡಿದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ವೀಲ್‌ಚೇರ್ ಬಳಸುವವರಿಗೆ, ಕಣ್ಣು ಕಾಣದವರಿಗೆ, ಕೀಮೋ ಆಗಿ ತಲೆಕೂದಲು ಉದುರಿದವರಿಗೆ, ಮದುವೆಯಾಗಿ ಹತ್ತು ವರ್ಷವಾದರೂ ಮಕ್ಕಳಿಲ್ಲ ಅಂತ ಬಸ್ಸಿನಲ್ಲಿ ಪಕ್ಕ ಕೂತವರಿಂದಲೂ ಸಂತಾನ ಗೋಪಾಲಕೃಷ್ಣನ ಹೆಸರು ಕೇಳಿಸಿಕೊಳ್ಳುವವರಿಗೆ, ಎಲ್ಲರಿಗೂ ಇದು ಅನ್ವಯಿಸುತ್ತದೆ. ಪ್ರಾರ್ಥನೆ ಬೇಕು ಅನ್ನುವವರಿಗೆ ನನ್ನ ತಕರಾರಿಲ್ಲ. ನಮ್ಮಮ್ಮ ಇವತ್ತಿಗೂ ದಿನಾ ನನ್ನ ಹೆಸರಲ್ಲಿ ದೀಪ ಹಚ್ಚುತ್ತಾಳೆ, ನಾನು ಬೇಡ ಅನ್ನುವುದಿಲ್ಲ. ಅಮ್ಮನ ಪ್ರಾರ್ಥನೆ ಅಮ್ಮನ ಮನೆಯಲ್ಲಿ ನಡೆಯುತ್ತದೆ. ರೈಲಿನ ಹೆಂಗಸಿನ ಪ್ರಾರ್ಥನೆ ನನ್ನ ಮೈಮೇಲೆ, ನಲವತ್ತು ಜನರ ಎದುರಿಗೆ ನಡೆಯಿತು. ನನ್ನ ಲೆಕ್ಕದಲ್ಲಿ ವ್ಯತ್ಯಾಸ ಇಷ್ಟೇ.

ಮೊದಲನೇ ಕೆಲಸ ಮನೆಯಲ್ಲೇ

ಬೀದಿಯಲ್ಲಿ ಯಾರೋ ತಲೆ ಮೇಲೆ ಕೈ ಇಟ್ಟಾಗ ಒಳ್ಳೇ ಉತ್ತರ ಹೊಳೆಯುವುದಿಲ್ಲ. ಹೊಳೆಯುವುದು ರಾತ್ರಿ ಪಾತ್ರೆ ತೊಳೆಯುವಾಗ. ಹಾಗಾಗಿ ಉತ್ತರವನ್ನು ಮೊದಲೇ ತಯಾರು ಮಾಡಿಟ್ಟುಕೊಳ್ಳಿ. ಒಂದೇ ಒಂದು ಸಾಲು ಸಾಕು. ನನ್ನದು ಇದು:

“ಒಳ್ಳೇ ಮನಸ್ಸಿಂದ ಕೇಳಿದ್ರಿ, ಸಂತೋಷ. ಆದ್ರೆ ಬೇಡ.”

ಇದರಲ್ಲಿ ‘ಆದ್ರೆ ಬೇಡ’ ಮುಖ್ಯ. ಮೊದಲು ನಾನು ಬರೀ “ಪರವಾಗಿಲ್ಲ ಬಿಡಿ” ಅನ್ನುತ್ತಿದ್ದೆ. ಕನ್ನಡದಲ್ಲಿ ‘ಪರವಾಗಿಲ್ಲ’ ಅಂದರೆ ಅರ್ಧ ಜನಕ್ಕೆ ‘ಮಾಡಿ, ನನಗೇನೂ ತೊಂದರೆ ಇಲ್ಲ’ ಅಂತಲೇ ಕೇಳಿಸುತ್ತದೆ. ಊಟಕ್ಕೆ ಕೂತಾಗ ಇನ್ನೊಂದು ಸೌಟು ಸಾರಿಗೆ ‘ಪರವಾಗಿಲ್ಲ’ ಅಂದರೆ ಏನಾಗುತ್ತದೆ? ತಟ್ಟೆಗೆ ಬಿದ್ದೇ ಬೀಳುತ್ತದೆ. ‘ನೋಡೋಣ’, ‘ಆಮೇಲೆ’, ‘ಈಗ ಬೇಡ’ ಇವೂ ಅಷ್ಟೇ. ‘ಈಗ ಬೇಡ’ ಎಂದಿದ್ದಕ್ಕೆ ಒಬ್ಬರು ಯಶವಂತಪುರದಲ್ಲಿ ಇಳಿದ ಮೇಲೆ ಮೆಟ್ಟಿಲ ಹತ್ತಿರ ಕಾದು ನಿಂತು “ಈಗ ಮಾಡ್ಲಾ?” ಅಂತ ಕೇಳಿದ್ದರು.

ಆ ಸಾಲನ್ನು ಕನ್ನಡಿ ಮುಂದೆ ನಿಂತು ಜೋರಾಗಿ ಹತ್ತು ಸಲ ಹೇಳಿ. ನಗು ಬರುತ್ತದೆ, ಬರಲಿ. ಬಾಯಿಗೆ ಅಭ್ಯಾಸವಾದರೆ ತಲೆ ಗಾಬರಿಯಾದಾಗಲೂ ಬಾಯಿ ಹೇಳಿಬಿಡುತ್ತದೆ. ದನಿ ಹೇಗಿರಬೇಕು ಅಂದರೆ, ತರಕಾರಿಯವನಿಗೆ “ಇವತ್ತು ಕೊತ್ತಂಬರಿ ಬೇಡಪ್ಪ” ಅನ್ನುತ್ತೀವಲ್ಲ, ಹಾಗೆ. ಸಿಟ್ಟೂ ಇಲ್ಲ, ಕ್ಷಮೆ ಕೇಳುವುದೂ ಇಲ್ಲ.

ಕೈ ಬಂದರೆ ಮೊದಲು ಕೈ

ಮಾತಿಗಿಂತ ಮುಂಚೆ ಕೈ ಬರುವುದೇ ಹೆಚ್ಚು. ಈ ಭಾಗವನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ಬರೀ ಮರ್ಯಾದೆಯ ಪ್ರಶ್ನೆಯಲ್ಲ, ಬೀಳುವ ಪ್ರಶ್ನೆಯೂ ಇದೆ.

ಪೋಲಿಯೊ ವೈರಸ್ ಹಾಳು ಮಾಡುವುದು ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಓಡಾಡಿಸುವ ನರಕೋಶಗಳನ್ನು. ಸ್ಪರ್ಶ ತಿಳಿಸುವ ನರಗಳು ಹಾಗೇ ಇರುತ್ತವೆ. ಅಂದರೆ ನನ್ನ ಎಡಗಾಲಿಗೆ ಬಲ ಇಲ್ಲ, ಆದರೆ ಇರುವೆ ಹತ್ತಿದರೂ ಗೊತ್ತಾಗುತ್ತದೆ. ಇದು ಬಹಳ ಜನಕ್ಕೆ ತಿಳಿಯದು. ಸಣ್ಣಗಾದ ಕಾಲು ಅಂದರೆ ಮರದ ಕೊರಡು ಅಂದುಕೊಂಡು ಹಿಸುಕುತ್ತಾರೆ, ನೀವುತ್ತಾರೆ, ಅದೃಷ್ಟ ಕೆಟ್ಟಿದ್ದರೆ ಎಣ್ಣೆಯನ್ನೂ ಹಚ್ಚುತ್ತಾರೆ. ಬೇರೆ ಯಾವ ಹೆಂಗಸಿನ ತೊಡೆಗಾದರೂ ಹೀಗೆ ಕೈ ಹಾಕಿದರೆ ಬೋಗಿ ಪೂರ್ತಿ ಎದ್ದು ನಿಲ್ಲುತ್ತಿತ್ತು, ಅಲ್ವಾ?

ಇನ್ನು ನಿಂತಿರುವಾಗ. ಊರುಗೋಲು ಹಿಡಿದವರ ತೋಳು ಹಿಡಿದರೆ ಅವರ ಆಧಾರವನ್ನೇ ಕಿತ್ತುಕೊಂಡ ಹಾಗೆ. ಒಬ್ಬ ಯಜಮಾನರು ಆಶೀರ್ವಾದ ಮಾಡಲು ಹೋಗಿ ನನ್ನನ್ನು ಪ್ಲಾಟ್‌ಫಾರ್ಮ್ ಮೇಲೆ ಕೂರಿಸಿಬಿಟ್ಟಿದ್ದರು. ಅವರಿಗೂ ಗಾಬರಿ, ಪಾಪ. ನನಗೆ ಒಂದು ವಾರ ಸೊಂಟ ನೋವು.

ಹಾಗಾಗಿ ಕ್ರಮ ಹೀಗಿರಲಿ. ಕೂತಿದ್ದರೆ, ನಿಮ್ಮ ಬ್ಯಾಗು ಅಥವಾ ಟಿಫನ್ ಡಬ್ಬಿ ತೊಡೆ ಮೇಲಿರಲಿ, ಬರುವ ಕೈಗೆ ಜಾಗವೇ ಇರಬಾರದು. ಕೈ ಬಂದೇಬಿಟ್ಟರೆ, ನಿಮ್ಮ ಅಂಗೈಯನ್ನು ನಡುವೆ ತಂದು “ಮುಟ್ಟಬೇಡಿ” ಅನ್ನಿ. ಬರೀ ಅಷ್ಟೇ. ‘ದಯವಿಟ್ಟು’ ಸೇರಿಸಬೇಕೋ ಬೇಡವೋ ನಿಮಗೆ ಬಿಟ್ಟಿದ್ದು, ನಾನು ಮೊದಲ ಸಲ ಸೇರಿಸುತ್ತೇನೆ, ಎರಡನೇ ಸಲ ಸೇರಿಸುವುದಿಲ್ಲ. ಅವರ ಕೈಯನ್ನು ತಳ್ಳಬೇಡಿ, ತಳ್ಳಿದರೆ ಮಾತು ನಿಮ್ಮ ತಳ್ಳುವಿಕೆಯ ಕಡೆ ತಿರುಗುತ್ತದೆ. ಮಣಿಕಟ್ಟು ಮೆಲ್ಲಗೆ ಹಿಡಿದು ಅವರ ತೊಡೆ ಮೇಲೇ ವಾಪಸ್ ಇಟ್ಟುಬಿಡಿ, ಮಗುವಿನ ಕೈಯಿಂದ ಕತ್ತರಿ ತಗೊಳ್ಳುವ ಹಾಗೆ.

ನಿಂತಿದ್ದರೆ ಮೊದಲು ಗೋಡೆ, ಕಂಬ, ಸೀಟಿನ ಕಂಬಿ ಏನಾದರೂ ಹಿಡಿಯಿರಿ. ಕ್ಯಾಲಿಪರ್ ಇರುವವರು ಮಂಡಿ ಲಾಕ್ ಬಿದ್ದಿದೆಯಾ ಅಂತ ನೋಡಿಕೊಳ್ಳಿ. ವೀಲ್‌ಚೇರ್ ಆದರೆ ಬ್ರೇಕ್ ಹಾಕಿ. ಆಮೇಲೆ ಮಾತು. “ಕೈ ಬಿಡಿ, ಬೀಳ್ತೀನಿ” ಅನ್ನುವುದು ಜಗತ್ತಿನ ಅತ್ಯಂತ ಪರಿಣಾಮಕಾರಿ ವಾಕ್ಯ, ಇದಕ್ಕೆ ಯಾರೂ ವಾದ ಮಾಡುವುದಿಲ್ಲ. ಕೇಳಿದ ತಕ್ಷಣ ಬಿಡುತ್ತಾರೆ.

ಉಸಿರಿನ ವಿಷಯ ಎಲ್ಲರೂ ಹೇಳುತ್ತಾರೆ, ನಾನೂ ಹೇಳಿಬಿಡುತ್ತೇನೆ: ಬಾಯಿ ತೆರೆಯುವ ಮುಂಚೆ ಒಂದು ಸಲ ಪೂರ್ತಿ ಉಸಿರು ಹೊರಗೆ ಬಿಡಿ. ದನಿ ಕೀರಲಾಗುವುದಿಲ್ಲ. ಅದಕ್ಕಿಂತ ಜಾಸ್ತಿ ಏನೂ ಇಲ್ಲ ಅದರಲ್ಲಿ.

ದನಿ ತಗ್ಗಿರಲಿ, ಕಾರಣ ಸ್ವಾರ್ಥ

ಇಲ್ಲಿ ನನ್ನದೊಂದು ಸೋತ ಕಥೆ. ಒಂದು ಬಸ್ ಸ್ಟ್ಯಾಂಡಿನಲ್ಲಿ ಅಜ್ಜಿಯೊಬ್ಬರು ಹಿಂದಿನಿಂದ ಬಂದು ನನ್ನ ಹಣೆಗೆ ವಿಭೂತಿ ಹಚ್ಚಿದರು. ಅವತ್ತು ಬೆಳಗಿನಿಂದ ಲಿಫ್ಟ್ ಕೆಟ್ಟು, ಆಫೀಸಿನಲ್ಲಿ ಮೂರು ಮಹಡಿ ಹತ್ತಿ ಇಳಿದಿದ್ದೆ. “ಯಾರ್ರೀ ನೀವು? ನಾನೇನು ಕೇಳಿದ್ನಾ ನಿಮ್ಮನ್ನ?” ಅಂತ ಕೂಗಿಬಿಟ್ಟೆ. ಅಜ್ಜಿಯ ಕೈ ನಡುಗಿ ವಿಭೂತಿ ಉಂಡೆ ಕೆಳಗೆ ಬಿತ್ತು. ಎರಡು ನಿಮಿಷದಲ್ಲಿ ಸುತ್ತ ಹತ್ತು ಜನ. “ಪಾಪ ವಯಸ್ಸಾದವ್ರು, ಒಳ್ಳೇದಕ್ಕೆ ತಾನೇ ಮಾಡಿದ್ದು?”, “ಅದಕ್ಕೇ ದೇವರು ಹಿಂಗೆ ಇಟ್ಟಿರೋದು” ಅಂತ. ಒಬ್ಬರೂ ನನ್ನ ಹಣೆ ನನ್ನದು ಅನ್ನಲಿಲ್ಲ.

ಆವತ್ತು ಗೊತ್ತಾಯಿತು. ಜನ ಯಾವಾಗಲೂ ಪ್ರಾರ್ಥನೆ ಮಾಡುವವರ ಪರ. ಅವರು ಮಾತು ಕೇಳುವುದಿಲ್ಲ, ದನಿ ಕೇಳುತ್ತಾರೆ. ಯಾರು ಜೋರಾಗಿ ಮಾತಾಡಿದರೋ ಅವರದೇ ತಪ್ಪು. ಹಾಗಾಗಿ ನಾನು ಈಗ ತಗ್ಗಿದ ದನಿಯಲ್ಲಿ ಮಾತಾಡುವುದು ದೊಡ್ಡತನದಿಂದಲ್ಲ, ಬರೀ ಲೆಕ್ಕಾಚಾರದಿಂದ. ಸಮಾಧಾನವಾಗಿರಿ ಅಂದರೆ ಅವರಿಗೆ ನೋವಾಗದ ಹಾಗೆ ನೋಡಿಕೊಳ್ಳಿ ಅಂತಲ್ಲ. ನಿಮ್ಮ ದಿನ ಹಾಳಾಗದ ಹಾಗೆ ನೋಡಿಕೊಳ್ಳಿ ಅಂತ. ಕೂಗಾಡಿದ ದಿನ ಸಂಜೆವರೆಗೂ ಮೈ ನಡುಗುತ್ತದೆ. ತಣ್ಣಗೆ ‘ಬೇಡ’ ಅಂದ ದಿನ ಚಿಕ್ಕಬಾಣಾವರ ಬರುವ ಹೊತ್ತಿಗೆ ಮರೆತೇ ಹೋಗಿರುತ್ತದೆ.

ಒಳಗೊಳಗೇ ನುಂಗಿಕೊಂಡು ಕೂರುವುದನ್ನೂ ಸಮಾಧಾನ ಅಂದುಕೊಳ್ಳಬೇಡಿ. ರೈಲಿನಲ್ಲಿ ನಾನು ಗೊಂಬೆ ಹಾಗೆ ಕೂತಿದ್ದೆನಲ್ಲ, ನೋಡಿದವರಿಗೆ ಎಷ್ಟು ಸಮಾಧಾನದ ಹುಡುಗಿ ಅನ್ನಿಸಿರುತ್ತದೆ. ಆ ಸಿಟ್ಟು ಮನೆಗೆ ಬಂದು ಅಮ್ಮನ ಮೇಲೆ ಬಿತ್ತು.

ಎರಡನೇ ಪ್ರಶ್ನೆಗೆ ತಯಾರಾಗಿರಿ

‘ಬೇಡ’ ಅಂದ ಮೇಲೆ ಅರ್ಧ ಜನ ಸುಮ್ಮನಾಗುತ್ತಾರೆ. ಉಳಿದವರದು ಎರಡನೇ ಸುತ್ತು. ಅದರಲ್ಲಿ ಬರುವ ಮಾತುಗಳು ಸಾಮಾನ್ಯವಾಗಿ ಇವು.

“ಯಾಕಮ್ಮಾ ಬೇಡ? ದೇವರನ್ನ ನಂಬಲ್ವಾ?” ಇದೊಂದು ಗುಂಡಿ, ಬೀಳಬೇಡಿ. ನಂಬುತ್ತೇನೆ ಅಂದರೆ ‘ಹಾಗಾದ್ರೆ ಮಾಡಿಸ್ಕೋ’ ಅನ್ನುತ್ತಾರೆ. ನಂಬುವುದಿಲ್ಲ ಅಂದರೆ ‘ಅದಕ್ಕೇ ಹೀಗೆ’ ಅನ್ನುತ್ತಾರೆ. ಎರಡೂ ಕಡೆ ಸೋಲು ನಿಮಗೇ. ಕಾರಣ ಕೊಡಲೇಬೇಡಿ. ಕಾರಣ ಕೊಟ್ಟರೆ ಅದಕ್ಕೊಂದು ಪರಿಹಾರ ಹುಡುಕುತ್ತಾರೆ. ಮೊದಲು ಹೇಳಿದ್ದನ್ನೇ ಮತ್ತೆ ಹೇಳಿ: “ಬೇಡ ಅಮ್ಮಾ.” ಮೂರನೇ ಸಲವೂ ಅದೇ. ಅದೇ ದನಿ, ಅದೇ ಪದ. ಗಿಳಿ ಹಾಗೆ. ಬೇಸರವಾಗುವುದು ಅವರಿಗೆ.

“ನಕ್ಷತ್ರ ಯಾವ್ದು, ಹೆಸರು ಹೇಳು, ಅರ್ಚನೆ ಮಾಡಿಸ್ತೀನಿ.” ಇದನ್ನು ಕೇಳುವವರು ಬಹುತೇಕ ನಿಜಕ್ಕೂ ಒಳ್ಳೆಯವರೇ. ಆದರೆ ಹೆಸರು ಕೊಟ್ಟರೆ ಊರು ಬರುತ್ತದೆ, ಊರು ಕೊಟ್ಟರೆ ಫೋನ್ ನಂಬರ್ ಬರುತ್ತದೆ, ನಂಬರ್ ಕೊಟ್ಟರೆ ದಿನಾ ಬೆಳಿಗ್ಗೆ ಐದೂವರೆಗೆ ವಾಟ್ಸಾಪ್‌ನಲ್ಲಿ ದೇವರ ಫೋಟೊ ಬರುತ್ತದೆ. ನಾನು ನಕ್ಕು ಹೇಳುತ್ತೇನೆ: “ಹೆಸರು ಬೇಡ ಬಿಡಿ, ರೈಲಲ್ಲಿ ಸಿಕ್ಕ ಹುಡುಗಿ ಅಂದ್ರೆ ದೇವರಿಗೆ ಗೊತ್ತಾಗುತ್ತೆ.” ಇದಕ್ಕೆ ಅವರೂ ನಗುತ್ತಾರೆ. ನಂಬಿಕೆ ಇದ್ದವರಿಗೆ ಈ ಮಾತು ಸರಿ ಅಂತಲೂ ಅನ್ನಿಸುತ್ತದೆ.

“ನಮ್ಮ ಪರಿಚಯದವರೊಬ್ಬರು ಎದ್ದು ಓಡಾಡಿದ್ರು ಗೊತ್ತಾ?” ಎದ್ದು ಓಡಾಡಿದವರ ಕಥೆ ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಇರುತ್ತದೆ, ಆ ಪರಿಚಯದವರು ಮಾತ್ರ ಯಾವತ್ತೂ ರೈಲಿನಲ್ಲಿ ಸಿಗುವುದಿಲ್ಲ. ಸುಳ್ಳು ಅಂತ ಸಾಬೀತು ಮಾಡಲು ಹೋಗಬೇಡಿ. “ಹೌದಾ, ಒಳ್ಳೇದಾಯ್ತು ಅವರಿಗೆ” ಅಂದು ಕಿಟಕಿ ಕಡೆ ತಿರುಗಿ. ಪೋಲಿಯೊದಿಂದ ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ, ಅದಕ್ಕೆ ಔಷಧಿಯೂ ಇಲ್ಲ. ಇದು ನನಗೆ ಗೊತ್ತಿದ್ದರೆ ಸಾಕು, ಎದುರು ಸೀಟಿಗೆ ಪಾಠ ಮಾಡಬೇಕಾಗಿಲ್ಲ. ಹಾಗಂತ ಕೆಲವು ದಿನ ಪಾಠ ಮಾಡುವ ಹುಮ್ಮಸ್ಸು ಬರುತ್ತದೆ, ಆವಾಗ ನಾನು ಹೇಳುವುದು ಇಷ್ಟು: ಭಾರತದಲ್ಲಿ ಸಹಜವಾಗಿ ಹರಡುವ (ವೈಲ್ಡ್) ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಸಿಕ್ಕಿದ್ದು, 2014ರ ಮಾರ್ಚ್‌ನಲ್ಲಿ ನಮ್ಮ ದೇಶ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು, ಅದನ್ನು ಮಾಡಿದ್ದು ಎರಡೆರಡು ಹನಿ ಲಸಿಕೆ ಮತ್ತು ಅದನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ಮನೆಮನೆ ತಿರುಗಿದ ಹೆಂಗಸರು. ಕೇಳುವವರು ಕೇಳುತ್ತಾರೆ. ಒಬ್ಬರು “ನಾನೂ ಅಂಗನವಾಡಿ ಟೀಚರೇ ಕಣಮ್ಮಾ, ನಾನೂ ಹನಿ ಹಾಕಿದೀನಿ” ಅಂದರು. ಆಮೇಲೆ ಬೆಂಗಳೂರು ಬರುವವರೆಗೂ ನಾವಿಬ್ಬರೂ ಹರಟಿದ್ದೇ ಹರಟಿದ್ದು.

ಪಾಪ, ಕರ್ಮ, ನಾಗದೋಷ

ಪ್ರಾರ್ಥನೆಯಷ್ಟೇ ಆದರೆ ಸಹಿಸಬಹುದು. ಅದರ ಜೊತೆ ‘ಹೋದ ಜನ್ಮದಲ್ಲಿ ಏನು ಮಾಡಿದ್ರೋ’ ಅನ್ನುವುದು ಬಂದರೆ ಕಷ್ಟ. ಅದಕ್ಕೂ ಕೆಟ್ಟದ್ದು ‘ನಿಮ್ಮ ತಂದೆತಾಯಿ ಏನೋ ಮಾಡಿರಬೇಕು’. ಇಂಥ ಮಾತಿಗೆ ನನ್ನ ಸಲಹೆ ಬೇರೆ. ಇಲ್ಲಿ ಸಂತೋಷ ಗಿಂತೋಷ ಅನ್ನಬೇಡಿ. ಮುಖ ನೇರ ನೋಡಿ, ನಿಧಾನವಾಗಿ, “ಈ ಮಾತು ನನಗೆ ಬೇಜಾರು ಮಾಡ್ತು. ಹೀಗೆ ಯಾರಿಗೂ ಹೇಳ್ಬೇಡಿ” ಅನ್ನಿ. ಹೇಳಿ ಸುಮ್ಮನಾಗಿ. ಆ ಮೌನವನ್ನು ನೀವು ತುಂಬಬೇಡಿ, ಅವರೇ ಒದ್ದಾಡಲಿ. ಬಹಳ ಜನ “ಅಯ್ಯೋ ನಾನು ಹಾಗಲ್ಲಮ್ಮಾ ಹೇಳಿದ್ದು” ಅನ್ನುತ್ತಾರೆ. ಅಷ್ಟು ಸಾಕು.

ಬೇಕಂತಲೇ ನಾಲ್ಕು ಜನರೆದುರು ಅವಮಾನ ಮಾಡುವವರೂ ಇದ್ದಾರೆ. ಅವರಿಗಾಗಿ ಒಂದು ಕಾನೂನು ನೆನಪಿರಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಕಲಂ ಪ್ರಕಾರ, ಸಾರ್ವಜನಿಕವಾಗಿ ಕಾಣುವ ಜಾಗದಲ್ಲಿ ವಿಕಲಚೇತನರನ್ನು ಅವಮಾನಿಸುವ ಉದ್ದೇಶದಿಂದಲೇ ಹೀಯಾಳಿಸಿದರೆ ಅಥವಾ ಬೆದರಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಶಿಕ್ಷೆ ಮತ್ತು ದಂಡ ಇದೆ. ‘ಉದ್ದೇಶದಿಂದ’ ಅನ್ನುವ ಪದ ಗಮನಿಸಿ. ರೈಲಿನಲ್ಲಿ ಕಣ್ಣು ಮುಚ್ಚಿ ಬೇಡಿಕೊಂಡ ಹೆಂಗಸಿಗೆ ಇದು ಹತ್ತುವುದಿಲ್ಲ, ಹತ್ತಲೂಬಾರದು. ಆದರೆ ಇಂಥದ್ದೊಂದು ಇದೆ ಅಂತ ಗೊತ್ತಿದ್ದರೆ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ.

ದುಡ್ಡಿನ ಮಾತು ಬಂದರೆ ಎದ್ದು ಹೋಗಿ

‘ಯಂತ್ರ ಕಟ್ಟಿಸ್ಕೋ, ಬರೀ ಎರಡು ಸಾವಿರ’, ‘ಮೂರು ವಾರ ಪ್ರಾರ್ಥನೆಗೆ ಬಾ, ಕಾಣಿಕೆ ನಿನ್ನಿಷ್ಟ’, ‘ತಾಯಿತ ಇದೆ’. ಇಲ್ಲಿ ವಿನಯದ ಅಗತ್ಯವೇ ಇಲ್ಲ, ಇದು ವ್ಯಾಪಾರ. “ಬೇಡ” ಅಂದು ಜಾಗ ಬದಲಿಸಿ. ಪವಾಡದ ಮದ್ದು ಅಂತ ಜಾಹೀರಾತು ಕೊಡುವುದಕ್ಕೆ ಕೇಂದ್ರ ಸರ್ಕಾರದ 1954ರ ಕಾನೂನಿನ ಅಡ್ಡಿ ಇದೆ. ತಾಯಿತ, ಮಂತ್ರ, ಕವಚ ಎಲ್ಲ ಅದರ ವ್ಯಾಪ್ತಿಗೆ ಬರುತ್ತವೆ, ಲಕ್ವ, ಕುರುಡು, ಕ್ಯಾನ್ಸರ್ ಮೊದಲಾದ ಕಾಯಿಲೆಗಳ ಪಟ್ಟಿಯೇ ಅದರಲ್ಲಿದೆ. ನಮ್ಮ ರಾಜ್ಯದಲ್ಲಿ 2017ರ ಮೌಢ್ಯ ನಿಷೇಧ ಕಾಯ್ದೆಯೂ ಇದೆ. ಯಾರಿಗೂ ತೊಂದರೆಯಿಲ್ಲದ ಪೂಜೆ, ಯಾತ್ರೆ, ಪ್ರದಕ್ಷಿಣೆಗಳಿಗೆ ಅದು ಅಡ್ಡ ಬರುವುದಿಲ್ಲ.

ಒಂದೇ ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಯಾರಾದರೂ ‘ಮಾತ್ರೆ ನಿಲ್ಲಿಸು, ಪ್ರಾರ್ಥನೆ ಮಾಡಿದ್ದೀವಲ್ಲ’ ಅಂದರೆ ಅವರ ಜೊತೆ ಮಾತು ಅಲ್ಲಿಗೇ ಮುಗಿಸಿ. ಮೂರ್ಛೆ ರೋಗ, ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಗಳನ್ನು ಇದ್ದಕ್ಕಿದ್ದಂತೆ ಬಿಟ್ಟರೆ ಜೀವಕ್ಕೇ ಸಂಚಕಾರ.

ಮತದ ಜಗಳಕ್ಕೆ ನಿಮ್ಮ ಕಾಲು ಕೊಡಬೇಡಿ

ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆದೇಬಿಡುತ್ತೇನೆ. ಬೇರೆ ಮತದವರು ಪ್ರಾರ್ಥನೆ ಮಾಡ್ಲಾ ಅಂದರೆ ನಮಗೆ ಸಿಟ್ಟು ಜಾಸ್ತಿ, ನಮ್ಮವರೇ ಕುಂಕುಮ ಹಚ್ಚಿದರೆ ಕಡಿಮೆ. ನನಗೂ ಹಾಗೇ ಆಗುತ್ತಿತ್ತು. ಈಗ ಒಂದೇ ಅಳತೆ ಇಟ್ಟುಕೊಂಡಿದ್ದೇನೆ. ಕೇಳಿದರಾ? ಮುಟ್ಟಿದರಾ? ‘ಬೇಡ’ ಅಂದ ಮೇಲೆ ನಿಲ್ಲಿಸಿದರಾ? ಯಾವ ದೇವರು ಅನ್ನುವುದು ಈ ಮೂರರ ಆಚೆ.

ಇನ್ನೊಂದು ಅಪಾಯ ಪಕ್ಕದವರಿಂದ. ನೀವು ‘ಬೇಡ’ ಅಂದದ್ದೇ ತಡ, ಮೂಲೆಯಲ್ಲಿ ಮೊಬೈಲ್ ನೋಡುತ್ತಿದ್ದವರು ಎದ್ದು ಬಂದು “ಏನ್ರೀ, ಮತಾಂತರ ಮಾಡ್ತಿದೀರಾ?” ಅಂತ ಶುರು ಮಾಡುತ್ತಾರೆ. ವಿಡಿಯೊ ಬೇರೆ. ಅಷ್ಟು ಹೊತ್ತು ನಿಮಗೆ ಸೀಟು ಬಿಡದವರು ಈಗ ನಿಮ್ಮ ರಕ್ಷಕರು! ಅಲ್ಲಿ ನೀವೇ ಗಟ್ಟಿಯಾಗಿ ಹೇಳಬೇಕು: “ಇದು ನಂದೂ ಅವರದೂ ಮಾತು. ಮುಗೀತು. ನೀವು ಕೂತ್ಕೊಳ್ಳಿ. ವಿಡಿಯೊ ಆಫ್ ಮಾಡಿ.” ನಮ್ಮ ಸಂವಿಧಾನದ 25ನೇ ವಿಧಿ ಅವರವರ ನಂಬಿಕೆ ಪಾಲಿಸುವ ಹಕ್ಕು ಎಲ್ಲರಿಗೂ ಕೊಟ್ಟಿದೆ, ಆ ಹೆಂಗಸಿಗೂ, ನನಗೂ. ನನಗೆ ಬೇಕಾಗಿದ್ದದ್ದು ನನ್ನ ಮಂಡಿ ಮೇಲಿಂದ ಕೈ ತೆಗೆಯುವುದು, ಅವರನ್ನು ರೈಲಿಂದ ಇಳಿಸುವುದಲ್ಲ.

ಮಕ್ಕಳು ಜೊತೆಗಿದ್ದರೆ

ಮಗುವಿಗೆ ತೊಂದರೆ ಇರುವ ಅಪ್ಪ ಅಮ್ಮಂದಿರಿಗೆ ಇದು. ಅಂಗಡಿಯಲ್ಲಿ ಯಾರೋ ಬಂದು ಮಗುವಿನ ತಲೆ ಸವರಿ, “ಅಯ್ಯೋ ಪಾಪ, ದೇವರು ಬೇಗ ಸರಿ ಮಾಡ್ಲಿ” ಅನ್ನುತ್ತಾರೆ. ನೀವು ಅವರಿಗೆ ಉತ್ತರ ಹುಡುಕುತ್ತೀರಿ. ಆದರೆ ಅಲ್ಲಿ ಕೇಳಿಸಿಕೊಳ್ಳುತ್ತಿರುವುದು ಮಗು. ‘ನನ್ನಲ್ಲಿ ಏನೋ ಕೆಟ್ಟುಹೋಗಿದೆ, ಅದನ್ನ ಸರಿ ಮಾಡ್ಬೇಕು’ ಅಂತ ನಾನು ಕಲಿತದ್ದು ಹೀಗೇ, ಐದನೇ ವಯಸ್ಸಿಗೆ, ಸಂತೆಯಲ್ಲಿ. ಹಾಗಾಗಿ ಉತ್ತರ ಮಗುವಿಗೆ ಕೇಳುವ ಹಾಗೆ ಕೊಡಿ. “ನಮ್ಮ ಪುಟ್ಟಿ ಚೆನ್ನಾಗೇ ಇದ್ದಾಳೆ ಆಂಟಿ. ಅಲ್ವೇನೇ ಪುಟ್ಟಿ?” ಅಷ್ಟು ಸಾಕು. ಮಗು ದೊಡ್ಡದಾಗಿದ್ದರೆ ಅದಕ್ಕೇ ಮಾತಾಡಲು ಬಿಡಿ. ನನ್ನ ಸ್ನೇಹಿತೆಯ ಮಗ, ಎಂಟು ವರ್ಷ, ವೀಲ್‌ಚೇರ್. ಆಶೀರ್ವಾದ ಮಾಡಲು ಬಂದವರಿಗೆ “ಅಂಕಲ್, ನಂಗೆ ಮ್ಯಾತ್ಸ್ ಟೆಸ್ಟ್ ಇದೆ, ಅದಕ್ಕೆ ಮಾಡಿ” ಅಂದನಂತೆ. ಇಂಥ ಉತ್ತರವನ್ನು ಯಾರೂ ಹೇಳಿಕೊಡಲು ಆಗುವುದಿಲ್ಲ.

ಅವನಿಂದ ಕಲಿತು ನಾನೂ ಒಮ್ಮೊಮ್ಮೆ ಹಾಗೇ ಮಾಡುತ್ತೇನೆ. ತೀರಾ ಹಠ ಮಾಡುವ, ಆದರೆ ಕೆಟ್ಟವರಲ್ಲದವರಿಗೆ ಬೇರೆ ಕೆಲಸ ಕೊಡುವುದು. “ಕಾಲಿಗೆ ಬೇಡ, ನಮ್ಮ ಆಫೀಸಿನ ಲಿಫ್ಟಿಗೆ ಮಾಡಿ.” “ಬಸ್ಸಿನ ಮೆಟ್ಟಿಲು ಒಂದು ಅಡಿ ಕೆಳಗೆ ಇಳೀಲಿ ಅಂತ ಬೇಡ್ಕೊಳ್ಳಿ.” ತಮಾಷೆಯೇ, ಆದರೆ ಪೂರ್ತಿ ತಮಾಷೆಯಲ್ಲ. ಕೆಲವರು ಯೋಚನೆಗೆ ಬೀಳುತ್ತಾರೆ. ಒಬ್ಬರಂತೂ ನಿಜಕ್ಕೂ ನಾನು ಇಳಿಯುವಾಗ ಬಾಗಿಲ ಹತ್ತಿರ ಜನರನ್ನು ಸರಿಸಿ ದಾರಿ ಬಿಡಿಸಿದರು.

ಕೆಲವು ಸಲ ಪ್ರಶ್ನೆ ತಿರುಗಿಸಿ

ರೈಲಿನ ಆ ಹೆಂಗಸು ಎರಡು ತಿಂಗಳು ಬಿಟ್ಟು ಮತ್ತೆ ಸಿಕ್ಕರು. ಅದೇ ಬೋಗಿ. ಈ ಸಲ ನನ್ನ ತೊಡೆ ಮೇಲೆ ಬ್ಯಾಗಿತ್ತು, ಬಾಯಲ್ಲಿ ಸಾಲೂ ಇತ್ತು. “ಒಳ್ಳೇ ಮನಸ್ಸಿಂದ ಕೇಳಿದ್ರಿ, ಸಂತೋಷ. ಆದ್ರೆ ಬೇಡ.” ಅವರು ಕೈ ಹಿಂದಕ್ಕೆ ತಗೊಂಡರು. ಮುಖ ಬಾಡಿತು. ಯಾಕೋ ಅವತ್ತು ನನಗೆ ಬಿಡುವಿತ್ತು, ಕೇಳಿದೆ: “ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?” ಮಗನಿಗೆ ಅಪಘಾತವಾಗಿ ಕಾಲು ಹೋಗಿತ್ತು. ಆರು ತಿಂಗಳಿಂದ ಮನೆಯಿಂದ ಹೊರಗೆ ಬಂದಿರಲಿಲ್ಲ. ಅವರು ನನ್ನ ಕಾಲಿನಲ್ಲಿ ನೋಡುತ್ತಿದ್ದದ್ದು ನನ್ನ ಕಾಲನ್ನಲ್ಲ. ಕೃತಕ ಕಾಲು ಎಲ್ಲಿ ಹಾಕುತ್ತಾರೆ, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಏನೇನು ಬೇಕು, ಬಸ್ ಪಾಸ್ ಹೇಗೆ ಅಂತ ಗೊತ್ತಿದ್ದಷ್ಟು ಹೇಳಿದೆ.

ಇದನ್ನು ಎಲ್ಲರೂ ಮಾಡಲೇಬೇಕು ಅಂತಲ್ಲ. ನಾವೇನು ಊರಿನವರಿಗೆಲ್ಲ ಸಾಂತ್ವನ ಕೇಂದ್ರ ತೆರೆದಿಲ್ಲ. ಸುಸ್ತಾಗಿದ್ದ ದಿನ ಇಯರ್‌ಫೋನ್ ಹಾಕಿಕೊಳ್ಳಿ, ಹಾಡು ಹಾಕದಿದ್ದರೂ ಸರಿ. ಪೋಲಿಯೊ ಆದವರಿಗೆ ಹಲವು ದಶಕಗಳ ನಂತರ ಹೊಸದಾಗಿ ನಿಶ್ಶಕ್ತಿ, ನೋವು, ಸುಸ್ತು ಶುರುವಾಗುವುದುಂಟು. ನನಗೂ ಶುರುವಾಗಿದೆ. ಇರುವ ಬಲವನ್ನು ಯಾರಿಗೆ ಖರ್ಚು ಮಾಡಬೇಕು ಅಂತ ಲೆಕ್ಕ ಇಡಲೇಬೇಕು.

ಸಮಾಧಾನ ಬೇಡದ ಜಾಗಗಳು

ಒಬ್ಬರೇ ಇದ್ದೀರಿ, ಕತ್ತಲಾಗಿದೆ, ನಾಲ್ಕೈದು ಜನ ಸುತ್ತುವರಿದಿದ್ದಾರೆ. ಅಥವಾ ವೀಲ್‌ಚೇರನ್ನು ಕೇಳದೆ ತಳ್ಳಿಕೊಂಡು ಹೋಗುತ್ತಿದ್ದಾರೆ. ಅಥವಾ ‘ಎದ್ದು ನಿಲ್ಲು, ನಂಬಿಕೆ ಇದ್ರೆ ನಿಲ್ತೀಯ’ ಅಂತ ಎಳೆಯುತ್ತಿದ್ದಾರೆ. ಇಲ್ಲಿ ಮೇಲೆ ಬರೆದ ಯಾವುದೂ ಲೆಕ್ಕಕ್ಕಿಲ್ಲ. ಕೂಗಿ. ರೈಲಿನಲ್ಲಾದರೆ 139, ಬೇರೆ ಎಲ್ಲೇ ಆದರೂ 112. ಗುಂಪಿನಲ್ಲಿ ಒಬ್ಬರನ್ನು ಗುರುತಿಟ್ಟು ಕರೆಯಿರಿ: “ನೀಲಿ ಶರ್ಟ್ ಅಣ್ಣಾ, ಸ್ವಲ್ಪ ಬನ್ನಿ ಇಲ್ಲಿ.” ಸುಮ್ಮನೆ ‘ಯಾರಾದ್ರೂ ಬನ್ನಿ’ ಅಂದರೆ ಯಾರೂ ಬರುವುದಿಲ್ಲ.

ನೋಡುತ್ತಾ ನಿಂತವರಿಗೂ ಒಂದು ಮಾತು. ಇಂಥದ್ದು ಕಣ್ಣೆದುರು ನಡೆಯುತ್ತಿದ್ದರೆ ನೀವು ಜಗಳಕ್ಕೆ ಬರಬೇಡಿ. ನಮ್ಮ ಕಡೆ ನೋಡಿ “ಇಲ್ಲಿ ಸೀಟಿದೆ, ಬರ್ತೀರಾ?” ಅಂತ ಕೇಳಿ. ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಕೊನೆಗೆ ಪ್ರಸಾದ

ಇದನ್ನು ಬಹಳ ಜನ ಕೇಳುತ್ತಾರೆ. ಪ್ರಾರ್ಥನೆ ಬೇಡ ಅಂದ ಮೇಲೆ ಅವರು ಕೊಟ್ಟ ಪ್ರಸಾದ ತಗೋಬೇಕಾ ಬೇಡವಾ? ಗುರುತಿಲ್ಲದವರು ಕೊಟ್ಟ ತಿನ್ನುವ ವಸ್ತು ರೈಲಿನಲ್ಲಿ ತಿನ್ನದೇ ಇರುವುದು ಒಳ್ಳೆಯದು, ಬೇಕಾದರೆ ಇಸಿದುಕೊಂಡು ಬ್ಯಾಗಿಗೆ ಹಾಕಿ. ಹೂವಾದರೆ ಮುಡಿಯಿರಿ, ಬಿಡಿ, ನಿಮ್ಮಿಷ್ಟ. ದಿನಾ ಜೊತೆಗೆ ಓಡಾಡುವ, ಮುಖ ಪರಿಚಯ ಇರುವವರು ತಿರುಪತಿಗೆ ಹೋಗಿ ಬಂದು ಲಡ್ಡು ಹಂಚಿದರೆ ಮಾತ್ರ ನನ್ನ ಯಾವ ನಿಯಮವೂ ನಡೆಯುವುದಿಲ್ಲ. ಕೈ ಚಾಚುತ್ತೇನೆ. “ನಿನ್ನ ಕಾಲಿನ ಬಗ್ಗೆಯೂ ಬೇಡ್ಕೊಂಡೆ ಕಣೇ” ಅಂತ ಅವರು ಹೇಳುವ ಹೊತ್ತಿಗೆ ನನ್ನ ಬಾಯಿ ತುಂಬಿರುತ್ತದೆ, ಉತ್ತರ ಕೊಡುವ ಕೆಲಸವೇ ಇರುವುದಿಲ್ಲ.